ಕಟಕಟೆಯಲ್ಲಿ ಒಂದು ಹೆಗಲು

ಬೆಳಗಿನ ಐದೂವರೆ. ಅಮೀನಗಡದ ಕರದಂಟಿನ ಅಂಗಡಿಗಳು ಇನ್ನೂ ಬಾಗಿಲು ತೆಗೆದಿಲ್ಲ. ಬಸ್ಸು ನಿಲ್ಲುವಲ್ಲಿ ಕಟ್ಟೆಯ ಮೇಲೆ ಕುಳಿತು ರಮಾಬಾಯಿ ನಾಲ್ಕು ಕಲ್ಲುಗಳಿಂದ ಹುನಗುಂದದ ಕೋರ್ಟು ಕಟ್ಟುತ್ತಿದ್ದಾರೆ. ದೊಡ್ಡ ಕಲ್ಲು ನ್ಯಾಯಾಧೀಶ ಸಾಹೇಬರು. ಪಕ್ಕದ ಎರಡು ಎದುರುಬದುರು ವಕೀಲರು. ಪುಟ್ಟದೊಂದು ಕಲ್ಲನ್ನು ನಡುವೆ ಇಟ್ಟು, "ಇದು ನೀನು" ಎಂದು ಲಂಬಾಣಿ ಮಾತಿನಲ್ಲಿ ಹೇಳುತ್ತಾರೆ. ಎದುರಿಗೆ ಕುಳಿತ ಎಂಬತ್ತರ ಹೇಮ್ಲಿಬಾಯಿ ಆ ಕಲ್ಲನ್ನೇ ನೋಡುತ್ತ, "ಮತ್ತೆ ನೀನೆಲ್ಲಿ?" ಎನ್ನುತ್ತಾಳೆ.

ಐವತ್ತೆಂಟರ ರಮಾಬಾಯಿ ಕೋರ್ಟಿನ ದುಭಾಷಿ. ಕನ್ನಡ ಬಾರದ ತಾಂಡಾದ ಮುದುಕಿಯರ ಮಾತನ್ನು ಸಾಹೇಬರಿಗೂ, ಸಾಹೇಬರ ಮಾತನ್ನು ಮುದುಕಿಯರಿಗೂ ದಾಟಿಸುವುದು ಕೆಲಸ. ಬಾದಾಮಿ, ಹುನಗುಂದ, ಬಾಗಲಕೋಟೆ, ಎಲ್ಲಿ ಕರೆ ಬಂದರಲ್ಲಿಗೆ ತಿಂಗಳಿಗೆ ಒಂದೆರಡು ಸಲ ಹೋಗುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಸಾಕ್ಷಿ. ಉಳಿದ ದಿನ ಇಳಕಲ್ಲಿನ ಸೀರೆಗಳಿಗೆ ಕುಚ್ಚು ಕಟ್ಟುತ್ತಾರೆ.

ಇಂದಿನ ಸಾಕ್ಷಿ ಕಠಿಣದ್ದು. ತಾಂಡಾದವರು ತಮ್ಮ ಕೂಸುಗಳನ್ನು ಮಣ್ಣು ಮಾಡುತ್ತಿದ್ದ ಜಾಗಕ್ಕೆ ಯಾರೋ ತಂತಿ ಬೇಲಿ ಹಾಕಿದ್ದಾರೆ. ಅದು ತಾಂಡಾದ್ದೇ ಎಂದು ಕಣ್ಣಾರೆ ಕಂಡು ಹೇಳಬಲ್ಲವರಲ್ಲಿ ಉಳಿದಿರುವುದು ಹೇಮ್ಲಿಬಾಯಿ ಒಬ್ಬಳೇ. ಅವಳ ಚೊಚ್ಚಲ ಕೂಸು ಅಲ್ಲಿದೆ. ಅವಳ ಮಾತು ಇಂದು ಕಾಗದಕ್ಕೆ ಇಳಿಯದಿದ್ದರೆ ಆ ಜಾಗ ಹೋದ ಹಾಗೇ.

ಬಸ್ಸು ಬರುವ ತನಕ ರಮಾಬಾಯಿ ಹಳೆಯ ಕಾಲಕ್ಕೆ ಹೊರಳುತ್ತಾರೆ. "ನಮ್ಮ ಯಾಡಿ, ಅಂದ್ರ ನಮ್ಮವ್ವರಿ, ಬಾದಾಮಿ ಬಸ್‌ಸ್ಟ್ಯಾಂಡಿನಾಗ ಚಿಗವ್ವ ಸಿಕ್ಕಳಂದ್ರ ತೆಕ್ಕಿ ಬಿದ್ದು ಹಾಡಕೋತ ಅಳಾಕಿ. ವರ್ಷದ ಸುಖಾ ದುಃಖಾ ಎಲ್ಲಾ ಅದರಾಗ ಬರ್ತಿತ್ತು. ಡ್ರೈವರ್ ಹಾರ್ನ್ ಹೊಡದರೂ ಬಿಡ್ತಿದ್ದಿಲ್ಲ. ಸಾಲಿ ಕಲಿಯೋ ಹುಡುಗಿ ನಾ, ನಾಚಿಕಿಗೆ ಕಂಬದ ಮರಿಗೆ ನಿಲ್ತಿದ್ದೆ. ಈಗ ಹಂಗ ಅಳವ್ರನ್ನ ಹುಡುಕಿದ್ರೂ ಸಿಗೂದಿಲ್ಲ. ಮೊಬೈಲಿನಾಗ 'ಆರಾಮ ಅದೀ?' ಅಂದ್ರ ಮುಗೀತು."

ಆ ಹಾಡಿಗೆ ಢಾವಲೋ ಎನ್ನುತ್ತಾರೆ. ಅದಕ್ಕೊಂದು ಕಟ್ಟಳೆಯಿದೆ: ಇನ್ನೊಬ್ಬಳ ಹೆಗಲ ಮೇಲೆ ತಲೆಯಿಟ್ಟೇ ಹಾಡಬೇಕು. ಇವರ ತಾಂಡಾದಲ್ಲಿ ಸತ್ತ ಕೂಸಿನ ಸುದ್ದಿಯನ್ನು ಬರೀ ಮಾತಿನಲ್ಲಿ ಆಡುವುದಿಲ್ಲ.

ಅದು ಗೊತ್ತಿದ್ದೂ ರಮಾಬಾಯಿ ಒಮ್ಮೆ ತಪ್ಪಿದರು. ಮೂವತ್ತಾರು ವರ್ಷದ ಹಿಂದೆ ಇಂಥದೇ ವ್ಯಾಜ್ಯದಲ್ಲಿ ಅವರ ತಾಯಿ ಒಂದು ಕೋರ್ಟಿನ ಕಟಕಟೆ ಹತ್ತಿದ್ದಳು. ಹೆಗಲಿಗಾಗಿ ಮಗಳ ಕಡೆ ಕೈ ಚಾಚಿದಳು. ಹತ್ತನೇ ಇಯತ್ತೆ ಪಾಸಾಗಿದ್ದ ಮಗಳು ಅಷ್ಟು ಜನರ ಎದುರು ಏಳಲಿಲ್ಲ. ತಾಯಿ ಒಂಟಿಯಾಗಿ ಎರಡು ಸಾಲು ಹಾಡಿ, ಬಿಕ್ಕಿ, ನಿಲ್ಲಿಸಿಬಿಟ್ಟಳು. ಕಾಗದದಲ್ಲಿ "ಸಾಕ್ಷಿ ಅತ್ತಳು, ಏನೂ ಹೇಳಲಿಲ್ಲ" ಎಂದಾಯಿತು.

"ಕೂಸಿದ್ದಾಗ ಸತ್ತ ನನ್ನ ತಮ್ಮನ್ನ ಮಣ್ಣು ಮಾಡಿದಲ್ಲಿ ಈಗ ಸೂರ್ಯಕಾಂತಿ ಬೆಳಿತಾರ್ರಿ. ಯಾಡಿ ಸಾಯೂತನಕಾ ನನಗ ಒಂದ ಮಾತು ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು," ಎನ್ನುತ್ತಾರೆ.

ಅವರ ಚೀಲದಲ್ಲಿ ಮಡಿಕೆ ಸವೆದ ಒಂದು ಹಾಳೆಯಿದೆ. ತಾಂಡಾದ ಪರ ವಕೀಲ ಶಂಕರಲಿಂಗ ಕೊಟ್ಟದ್ದು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ ಇಪ್ಪತ್ತೇಳನೆಯ ವಿಧಿ ಅದರಲ್ಲಿದೆ. ನಮ್ಮ ದೇಶ ಆ ಒಡಂಬಡಿಕೆಗೆ ಸೇರಿ ನಾಲ್ಕು ದಶಕ ದಾಟಿದೆ. ಧರ್ಮದಿಂದಲೋ ಭಾಷೆಯಿಂದಲೋ ಅಲ್ಪಸಂಖ್ಯಾತರಾದವರು ತಮ್ಮವರೊಡನೆ ಕೂಡಿ ತಮ್ಮ ಸಂಸ್ಕೃತಿಯಂತೆ ಬಾಳುವುದನ್ನು, ತಮ್ಮ ಭಾಷೆ ಆಡುವುದನ್ನು ಯಾರೂ ತಡೆಯುವಂತಿಲ್ಲ ಎಂಬುದು ಅದರ ತಾತ್ಪರ್ಯ. ರಮಾಬಾಯಿ ಒಂದು ಕಡೆ ಬೆರಳಿಡುತ್ತಾರೆ. "'ತಮ್ಮವರೊಡನೆ ಕೂಡಿ' ಅಂತ ಅದ ನೋಡ್ರಿ. ಎಲ್ಲೋ ದೂರ ದೇಶದಾಗ ಕುಂತು ಬರದವ್ರಿಗೆ ನಮ್ಮ ಯಾಡಿ ಸಂಕಟ ಹೆಂಗ ತಿಳೀತೋ ಏನೋ."

ಹುನಗುಂದದ ಕೋರ್ಟಿನಲ್ಲಿ ಹನ್ನೊಂದೂವರೆಗೆ ಹೆಸರು ಕೂಗುತ್ತಾರೆ. ಆ ಜಾಗ ಯಾರದೆಂದು ಸಾಹೇಬರು ಕೇಳುತ್ತಾರೆ. ಹೇಮ್ಲಿಬಾಯಿ ಬಾಯಿ ಬಿಡುವುದಿಲ್ಲ. ಮತ್ತೆ ಕೇಳುತ್ತಾರೆ. ತಲೆಯ ಮೇಲಿನ ಓಢಣಿಯ ಅಂಚು ಹಿಂಡುತ್ತಾಳೆ ಅಷ್ಟೇ. ಎದುರು ವಕೀಲರು ಎದ್ದು, "ಸಾಕ್ಷಿಗೆ ಏನೂ ಗೊತ್ತಿಲ್ಲ ಅಂತ ಬರಕೋಬೇಕ್ರಿ" ಎನ್ನುತ್ತಾರೆ.

ರಮಾಬಾಯಿ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಕೈ ಮುಗಿದು ಹೇಳುತ್ತಾರೆ: "ಸಾಹೇಬ್ರ, ಒಬ್ಬಾಕಿಗೆ ಹೇಳಾಕ ಬರೂದಿಲ್ರಿ. ಆಕಿ ಬಾಜೂಕ ನಿಂತು ಹೆಗಲು ಕೊಡಾಕ ಅಪ್ಪಣಿ ಕೊಡ್ರಿ. ನಾ ನನ್ನ ಮಾತು ಒಂದೂ ಸೇರಿಸೂದಿಲ್ಲ."

ಶಂಕರಲಿಂಗ ಎದ್ದು ಆ ಕಟ್ಟಳೆಯನ್ನೂ ಹಾಳೆಯ ವಿಧಿಯನ್ನೂ ಎರಡು ಮಾತಿನಲ್ಲಿ ವಿವರಿಸುತ್ತಾರೆ. ಸಾಹೇಬರು ಪೆನ್ನು ಕೆಳಗಿಟ್ಟು ತಲೆಯಾಡಿಸುತ್ತಾರೆ.

ಮುದುಕಿ ರಮಾಬಾಯಿಯ ಹೆಗಲಿಗೆ ಹಣೆ ಹಚ್ಚುತ್ತಾಳೆ. ಸಣ್ಣಗೆ ರಾಗ ಏಳುತ್ತದೆ. ಒಂದೊಂದು ಸಾಲಿಗೂ ನಿಲ್ಲಿಸಿ ರಮಾಬಾಯಿ ಕನ್ನಡದಲ್ಲಿ ಹೇಳುತ್ತಾರೆ: ಮೂರು ತಿಂಗಳ ಹೆಣ್ಣು ಕೂಸು. ಬನ್ನಿ ಗಿಡದಿಂದ ಮೂಡಲಕ್ಕೆ ಏಳು ಹೆಜ್ಜೆ. ಬಲಕ್ಕೆ ನಾದಿನಿಯ ಅವಳಿ ಮಕ್ಕಳು. ಗುದ್ದಲಿ ಹಿಡಿದವ ಮೈದುನ. ತಲೆಯ ಕಡೆ ಕರಿಕಲ್ಲು ನೆಟ್ಟವಳು ತಾನೇ. ಟೈಪು ಮಾಡುವ ಸದ್ದು ಒಂದೇ ಸಮನೆ ನಡೆಯುತ್ತದೆ. ಕೊನೆಗೆ ಎಲ್ಲವನ್ನೂ ಓದಿ ಹೇಳಿ, ಹೇಮ್ಲಿಬಾಯಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ.

ತೀರ್ಪು ಬರುವುದು ಇನ್ನೂ ಎಂದೋ. ಮರಳುವ ಬಸ್ಸಿನಲ್ಲಿ ಹೇಮ್ಲಿಬಾಯಿಗೆ ನಿದ್ದೆ. ಒದ್ದೆಯಾದ ಹೆಗಲನ್ನು ಕಿಟಕಿಯ ಗಾಳಿಗೆ ಒಡ್ಡಿ ಕುಳಿತ ರಮಾಬಾಯಿಯನ್ನು, ನಿಮಗೇನು ಬೇಕು ಎಂದು ಕೇಳಿದರೆ ಈ ಕಡೆ ತಿರುಗುತ್ತಾರೆ.

"ನನಗೇನ್ ಬೇಕ್ರಿ? ಆ ಹಳೇ ಕಾಗದ ಎಲ್ಲ್ಯರ ಇದ್ರ, ಅದರಾಗ ಒಂದ ಸಾಲು ಬದಲಿ ಮಾಡ್ಲಿ. ನಮ್ಮ ಯಾಡಿ ಹೇಳಾಕ ಹತ್ತಿದ್ಲು, ಮಗಳು ಹೆಗಲು ಕೊಡಲಿಲ್ಲ ಅಂತ ಬರೀಲಿ. ಸಾಕ್ಷಿ ನಾನ ಹೇಳ್ತೇನಿ."