ಬೇಲಿಯೊಳಗೆ ಹೂತುಹೋದ ಬೂಟು

ನಮ್ಮ ದೊಡ್ಡಮ್ಮ ರಿಸ್ತೆನ್ ಜೀವಮಾನವಿಡೀ ಉತ್ತರದ ಹಿಮನಾಡಿನಲ್ಲಿ ಹಿಮಸಾರಂಗ ಮೇಯಿಸಿದವಳು. ಬೇಸಿಗೆಯ ಹುಲ್ಲುಗಾವಲಿನಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಅವಳ ನಂಬಿಕೆ. ಹಾಗಿರುವಾಗ ತೋರುನ್ ಎಂಬ ಸಂಶೋಧಕಿ ತಂತಿಯ ಸುರುಳಿ, ಮುಚ್ಚಳವಿಲ್ಲದ ಪ್ಲಾಸ್ಟಿಕ್ ಗೂಡುಗಳನ್ನು ಹೊತ್ತು ಅಲ್ಲಿಗೆ ಬಂದಳು.

"ಏನಮ್ಮ ಇದು?" ದೊಡ್ಡಮ್ಮ ಕೇಳಿದಳು.

"ಬೇಲಿ, ರಿಸ್ತೆನಮ್ಮ. ನಿಮ್ಮ ಪ್ರಾಣಿ ಒಳಗೆ ಬರಬಾರ್ದು. ಈ ಗೂಡು ನೆಲಾನ ಸ್ವಲ್ಪ ಬೆಚ್ಚಗೆ ಇಡುತ್ತೆ. ಬಿಸಿ ಜಾಸ್ತಿಯಾಗಿ, ಮೇಯೋ ಪ್ರಾಣೀನೂ ಇಲ್ದಿದ್ರೆ ಏನಾಗುತ್ತೆ ಅಂತ ನೋಡ್ಬೇಕು."

"ಗಿಡ ಬೆಳೀತದೆ. ಇನ್ನೇನಾಗ್ತದೆ?"

"ಎಷ್ಟು ಬೆಳೀತದೆ ಅಂತ ಗೊತ್ತಾಗೋಕೆ ಹತ್ತು ವರ್ಷ ಬೇಕು."

"ನನ್ನ ಕೇಳಿದ್ರೆ ಒಂದು ಲೋಟ ಕಾಫಿ ಕುಡಿಯೋದ್ರೊಳಗೆ ಹೇಳ್ತಿದ್ದೆ."

ಹೀಗೆ ಶುರುವಾದ ಜಗಳ ಎರಡನೇ ಬೇಸಿಗೆಗೆ ಸ್ನೇಹವಾಯಿತು. ಅದಕ್ಕೆ ಕಾರಣ ನುಲ್ಪು ಎಂಬ ಕೊಂಬಿಲ್ಲದ ಗಂಡು ಸಾರಂಗ. ಮೈಲಿಗಟ್ಟಲೆ ಹುಲ್ಲು ಬಿಟ್ಟು ಅದಕ್ಕೆ ಬೇಲಿಯೊಳಗಿನ ಚಿಗುರೇ ಬೇಕು. ತಂತಿಯಡಿ ನುಸುಳಿ ಒಳಗೆ ಹೋಗಿ, ಗುರುತಿನ ಕಡ್ಡಿ ನೆಟ್ಟ ಗಿಡವನ್ನೇ ಹುಡುಕಿ ತಿನ್ನುತ್ತಿತ್ತು. ತೋರುನ್ ಅಳುವ ಮುಖ ಮಾಡಿದಳು. ಇದರಿಂದ ದೊಡ್ಡಮ್ಮನ ಮಾನ ಹೋಯಿತು. ಅಂದಿನಿಂದ ದಿನಕ್ಕೆ ಎರಡು ಸಲ ಬೇಲಿ ಸುತ್ತಿ, ಸಡಿಲವಾದ ತಂತಿ ಬಿಗಿದು, ತನ್ನ ಪ್ರಾಣಿಗಳನ್ನು ತಾನೇ ಬೈದು ಓಡಿಸತೊಡಗಿದಳು. "ಯಾರ ಕಡೆಯವಳು ನೀನು?" ಎಂದು ನಮ್ಮಮ್ಮ ಅಣಕಿಸುತ್ತಿದ್ದಳು.

ಒಂಬತ್ತನೇ ವರ್ಷ ರಾಜಧಾನಿಯಿಂದ ಕ್ವಾಮ್ಮೆ ಎಂಬ ಅಧಿಕಾರಿ ಬಂದರು. ಹಿಮಸಾರಂಗ ಹೆಚ್ಚಾಗಿ ನೆಲ ಹಾಳಾಗುತ್ತಿದೆ, ಮಂದೆಯ ಸಂಖ್ಯೆ ಇಳಿಸಬೇಕು ಎಂಬುದು ಅವರ ಲೆಕ್ಕ. ಬೇಲಿಯ ಹೊರಗೆ ಮೋಟು ಹುಲ್ಲು, ಒಳಗೆ ಎದೆಯೆತ್ತರ ವಿಲ್ಲೋ ಪೊದೆ. ಅವರ ಮುಖ ಅರಳಿತು.

"ನೋಡಿ, ಒಳಗೆ ಎಷ್ಟು ಹಸಿರಾಗಿದೆ. ನಿಮ್ಮ ಪ್ರಾಣಿ ಇಲ್ದಿದ್ರೆ ಎಲ್ಲಾ ಕಡೆ ಹೀಗೇ ಇರ್ತಿತ್ತು."

"ಹೌದು ಸಾಹೇಬ್ರೇ, ಹೀಗೇ ಇರ್ತಿತ್ತು. ಒಳಗೆ ಹೋಗಿ ನೋಡ್ಕೊಂಡು ಬನ್ನಿ," ಎಂದಳು ದೊಡ್ಡಮ್ಮ, ಬಹಳ ಮರ್ಯಾದೆಯಿಂದ.

ತೋರುನ್ ಬಾಯಿ ತೆರೆದಳು. ದೊಡ್ಡಮ್ಮ ಅವಳ ಕಾಲು ತುಳಿದಳು.

ಪೊದೆಯೊಳಗೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸೊಳ್ಳೆಗಳು ಸಾಹೇಬರನ್ನು ಮುತ್ತಿದವು. ಕೈ ಬೀಸುತ್ತಾ ತಿರುಗಿದರು, ದಾರಿ ಕಾಣಲಿಲ್ಲ. ಮುಂದಿನ ಹೆಜ್ಜೆಗೆ ಎಡಗಾಲು ಮೊಣಕಾಲಿನವರೆಗೆ ನೆಲಕ್ಕಿಳಿಯಿತು. ಕಾಲು ಮೇಲೆ ಬಂತು, ಬೂಟು ಬರಲಿಲ್ಲ.

ದೊಡ್ಡಮ್ಮ ಹೊರಗೇ ನಿಂತು ತನ್ನ ಊರುಗೋಲನ್ನು ನೆಲಕ್ಕೆ ಕುಕ್ಕಿದಳು. ಗೇಣಿನಷ್ಟು ಇಳಿದು, ನೆಲದಡಿ ವರ್ಷವಿಡೀ ಕರಗದ ಮಂಜುಗಡ್ಡೆಗೆ ತಾಗಿ ಟಕ್ಕೆಂದು ನಿಂತಿತು.

"ಕೇಳಿಸ್ತಾ? ಇಲ್ಲಿ ಪ್ರಾಣಿ ಪೊದೆ ಬೆಳೆಯೋಕೆ ಬಿಡಲ್ಲ. ಚಳಿಗಾಲದಲ್ಲಿ ಹಿಮಾನ ಗಾಳಿ ಹೊಡ್ಕೊಂಡು ಹೋಗುತ್ತೆ, ಚಳಿ ಆಳಕ್ಕೆ ಇಳಿಯುತ್ತೆ. ನೀವು ನಿಂತಿರೋ ಕಡೆ ಹಿಮ ಪೊದೇಲಿ ಸಿಕ್ಕಿ ಕಂಬಳಿ ಹೊದ್ದಂಗೆ ಕೂರುತ್ತೆ. ನೆಲಕ್ಕೆ ಚಳೀನೇ ತಾಗಲ್ಲ. ಬೇಸಿಗೇಲಿ ಕರಗಿ ಗಂಜಿಯಾಗುತ್ತೆ."

"ಮೊದಲೇ ಹೇಳಬಾರ್ದಿತ್ತಾ?" ಪೊದೆ ಕೇಳಿತು.

"ಇವಳು ಐದು ವರ್ಷದಿಂದ ಕಾಗದ ಕಳಿಸ್ತಾನೇ ಇದಾಳೆ, ನೀವು ಓದ್ಲಿಲ್ಲ. ಹಗ್ಗ ಎಸೀತೀನಿ, ಹಿಡ್ಕೊಳ್ಳಿ."

ಓಡುವ ಪ್ರಾಣಿಯ ಕೊಂಬಿಗೆ ಗುರಿಯಿಟ್ಟು ಎಸೆಯುವ ಹಗ್ಗ ಅದು. ಒಂದೇ ಎಸೆತಕ್ಕೆ ಸಾಹೇಬರ ಹೆಗಲಿಗೆ ಬಿತ್ತು. ದೊಡ್ಡಮ್ಮ, ತೋರುನ್ ಇಬ್ಬರೂ ಸೇರಿ ಎಳೆದರು.

ಅವರಿಗೆ ಕಾಫಿ ಕೊಟ್ಟು, ಕಾಲಿಗೆ ತನ್ನ ಉಣ್ಣೆಯ ಕಾಲುಚೀಲ ತೊಡಿಸಿದ ಮೇಲೆ ದೊಡ್ಡಮ್ಮ ಯಾರೂ ಕೇಳದ ಮಾತೊಂದನ್ನು ಹೇಳಿದಳು.

"ಚಳಿಗಾಲದಲ್ಲಿ ಮೇಯಿಸೋ ಜಾಗದ್ದು ಬೇರೆ ಕಥೆ. ಅಲ್ಲಿ ಪ್ರಾಣಿಗೆ ಮೇವಾಗೋ ಕಲ್ಲುಹೂವನ್ನ ತುಳಿದು ಸವೆಸಿಬಿಟ್ಟಿದ್ದೀವಿ. ಅದು ನಮ್ಮ ತಪ್ಪೇ. ಅದಕ್ಕೆ ಎಷ್ಟು ಇಳಿಸ್ಬೇಕೋ ಇಳಿಸ್ತೀನಿ. ಬೇಸಿಗೆ ನೆಲದ ಮೇಲೆ ಆ ತಪ್ಪು ಹೊರಿಸ್ಬೇಡಿ."

ಕ್ವಾಮ್ಮೆ ಪುಸ್ತಕ ತೆಗೆದು, ಒದ್ದೆ ಹಾಳೆಗಳನ್ನು ಬಿಡಿಸಿ ಬರೆದುಕೊಂಡರು. ಅವರ ವರದಿಯಲ್ಲಿ ಆ ಎರಡೂ ನೆಲಗಳ ಮಾತು ಬೇರೆಬೇರೆಯಾಗಿಯೇ ಬಂತು.

ಆ ಶರತ್ಕಾಲದಲ್ಲಿ ದೊಡ್ಡಮ್ಮ ಒಪ್ಪಿದಷ್ಟು ಪ್ರಾಣಿಗಳನ್ನು ಕಡಿಯಲು ತಾನೇ ಆರಿಸಿ ಬೇರ್ಪಡಿಸಿದಳು. ಇನ್ನೊಬ್ಬರ ಕೈಗೆ ಆ ಕೆಲಸ ಕೊಡಲಿಲ್ಲ. ಸಂಜೆ ಅವುಗಳ ರಕ್ತಕ್ಕೆ ಹಿಟ್ಟು ಕಲೆಸಿ ದೋಸೆ ಹುಯ್ದು ಎಲ್ಲರಿಗೂ ಬಡಿಸಿದಳು, ತಾನು ಮಾತ್ರ ಒಂದೇ ತಿಂದಳು. ನಮ್ಮಮ್ಮ ಅಂದು ಅಣಕಿಸಲಿಲ್ಲ.