ಶೇಗಡಿ ಹೊರಗೆ ಬಂದ ರವಿವಾರ

ಮುಂಬಯಿಯ ಮಾಟುಂಗದ ಚಾಳಿನಲ್ಲಿ ದಾನವ್ವನ ಖಾನಾವಳಿಯೆಂದರೆ ಅವಳ ಸಂಸಾರದ ಒಂದೇ ಖೋಲಿ. ಧಾರವಾಡ ಕಡೆಯ ಗುಮಾಸ್ತರು, ಗಿರಣಿಯವರು ಅಲ್ಲಿ ಪಾಳಿಯ ಮೇಲೆ ಉಣ್ಣುತ್ತಿದ್ದರು. ಹೆಸರು ಮಾತ್ರ ‘ಮುರಿಗೆಪ್ಪನ ಖಾನಾವಳಿ’. ಬಟ್ಟೆ ಅಂಗಡಿಯಲ್ಲಿ ದುಡಿಯುವ ಗಂಡ ಮುರಿಗೆಪ್ಪ ಅಲ್ಲಿ ಮಾಡುತ್ತಿದ್ದುದು, ಬಂದವರಿಗೆ “ಬರ್ರಿ, ಕೂಡ್ರಿ” ಅನ್ನುವುದಷ್ಟೆ.

ಮಗಳು ಸೇವಂತಿಗೆ ಎರಡು ವರ್ಷ. ನೀರೆರೆದ ಮೇಲೆ ಕೂಸಿಗೆ ಹೊಗೆ ಹಾಕದಿದ್ದರೆ ತವರಿನ ಮಾನ ಹೋದೀತೆಂದು ದಾನವ್ವ ನಂಬಿದ್ದಳು. ಅಡಿಗೆಯ ಇದ್ದಿಲೊಲೆ, ಆ ಶೇಗಡಿಯ ಕೆಂಡದ ಮೇಲೆ ಅಜವಾನ, ಬಳ್ಳೊಳ್ಳಿ ಸಿಪ್ಪೆ, ಲೋಬಾನ. ಆ ರವಿವಾರ ಬೆಳಿಗ್ಗೆ ಮಗುವಿನ ದನಿ ಒಡೆದು, ನಾಯಿ ಬೊಗಳಿದಂಥ ಕೆಮ್ಮು ಬಂತು. ಥಂಡಿಯೆಂದುಕೊಂಡು ಅವಳು ಕದ, ಕಿಟಕಿ ಮುಚ್ಚಿ ಇನ್ನೊಂದು ಹಿಡಿ ಸಿಪ್ಪೆ ಸುರಿದಳು. ಸ್ವಲ್ಪ ಹೊತ್ತಿಗೆ, ಉಸಿರೆಳೆದಾಗಲೆಲ್ಲ ಕೂಸಿನ ಗಂಟಲು ಸಿಳ್ಳೆಯಂತೆ ಕೂಗಿ, ಎದೆಯ ಕೆಳಗೆ ಕುಳಿ ಬೀಳತೊಡಗಿತು. ದಾನವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲೇ ಡಾಕ್ಟರ ಹತ್ತಿರ ಓಡಿದಳು.

ಗಂಟಲೊಳಗೆ ಬಾತು ಉಸಿರಿನ ದಾರಿ ಕಿರಿದಾಗಿದೆ ಎಂದರು ಡಾಕ್ಟರು. ಔಷಧ ಕೊಟ್ಟರು. ಹೊಗೆ ಸುಳಿಯಬಾರದು, ಅತ್ತರೆ ಉಸಿರು ಇನ್ನಷ್ಟು ಕಟ್ಟುತ್ತದೆ, ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡೇ ಇರಬೇಕು. ತುಟಿ ನೀಲಿಗಟ್ಟಿದರೆ ಕಾಯದೆ ದವಾಖಾನೆಗೆ ಒಯ್ಯಬೇಕು ಎಂದು ಹೇಳಿ ಕಳಿಸಿದರು.

ಮನೆಗೆ ಬಂದಾಗ ಮುರಿಗೆಪ್ಪ ಕೇಳಿದ, “ಮಂದಿ ಬರೂ ಹೊತ್ತಾತು. ರೊಟ್ಟಿ ಬಡಿಯೋರು ಯಾರು?”

“ಕೂಸಿನ್ನ ಕೆಳಗಿಟ್ರ ಅಳತೈತಿ. ನಾ ಏಳೂದಿಲ್ಲ. ಮೊದಲ ಆ ಶೇಗಡಿ ಹೊರಗ ಒಯ್ರಿ.”

ಮುರಿಗೆಪ್ಪ ಮಗಳ ಎದೆ ನೋಡಿದ. ಶೇಗಡಿ ಎತ್ತಿ, ಗಾಳಿ ಆಚೆ ಬೀಸುವ ಗ್ಯಾಲರಿಯ ತುದಿಗಿಟ್ಟ. ಉಣ್ಣಲು ಬಂದವರು ಅಂಗಿಯ ತೋಳು ಮಡಚಿ ತಾವೇ ಅಡಿಗೆಗೆ ನಿಂತರು. ಉಪ್ಪೆಲ್ಲಿದೆ, ಹಿಟ್ಟಿಗೆ ನೀರೆಷ್ಟು, ಬ್ಯಾಳಿ ಬೆಂದದ್ದು ಹೇಗೆ ಗೊತ್ತಾಗುತ್ತದೆ ಎಂದು ದಾನವ್ವನನ್ನು ಕೇಳಲು ಓಡಾಡಿಯೇ ಬೆವೆತರು. ರೊಟ್ಟಿ ದಪ್ಪವೆಂದು ನಿತ್ಯ ಬೈದುಕೊಂಡೇ ಉಣ್ಣುತ್ತಿದ್ದ ಸಂಗಪ್ಪನ ರೊಟ್ಟಿ, ತಟ್ಟುವಾಗಲೇ ಹರಿಯಿತು.

“ಇವತ್ತ ನೀವ ನನಗ ಬೈರಿ, ಅಕ್ಕಾರ,” ಎಂದ.

“ಬೈಯೂ ಹಂಗಿಲ್ಲೋ ತಮ್ಮಾ, ಕೂಸು ಅಂಜತೈತಿ.”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಿಳ್ಳೆ ನಿಂತಿತು. ಎದೆಯ ಕುಳಿಯೂ ಕಾಣಲಿಲ್ಲ. ಸೇವಂತಿ ಚೂರು ರೊಟ್ಟಿ ಬಾಯಿಗಿಟ್ಟುಕೊಂಡು ಒಡಕು ದನಿಯಲ್ಲಿ, “ಸುಟ್ಟೈತಿ,” ಎಂದಳು. ಗಂಡಸರು ಸದ್ದಾಗದಂತೆ ನಕ್ಕರು.

ಮುರಿಗೆಪ್ಪ ಶೇಗಡಿ ಒಳಗೆ ತರಲೇ ಎಂದು ಕೇಳಿದ.

“ಹೊಗಿ ಬ್ಯಾಡಂದಾರ ಡಾಕ್ಟರು.”

“ಎಷ್ಟು ದಿನ?”

“ನಾ ಕೇಳಲಿಲ್ಲ. ಅಲ್ಲೇ ಇರಲಿ,” ಎಂದಳು ದಾನವ್ವ. ಅವಳ ಅಂಗೈಯ ಕೆಳಗೆ ಮಗಳ ಬೆನ್ನು ಸದ್ದಿಲ್ಲದೆ ಏರಿ ಇಳಿಯುತ್ತಿತ್ತು.