ಅಳತೆಗೆಂದು ತೆಗೆದ ಫೋಟೊಗಳು

ಟೈಲರಕ್ಕನಿಗೆ ಊರ ಹೆಂಗಸರ ಬೆನ್ನೆಲ್ಲ ಬಾಯಿಪಾಠ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಮೊದಮೊದಲು ಮೆಚ್ಚಿ ಹೇಳುತ್ತಿದ್ದರು. ಆಮೇಲೆ ಉಗಿದು ಹೇಳತೊಡಗಿದರು.

ಬರೀ ಟೇಪನ್ನು ನಂಬುವವಳಲ್ಲ ಅವಳು. ಭುಜ ಎಲ್ಲಿ ಇಳಿದಿದೆ, ಬೆನ್ನು ಎಷ್ಟು ಬಾಗಿದೆ ಎಂದು ಟೇಪು ಹೇಳುತ್ತದೆಯೇ? ಕಚ್ಚಾ ಹೊಲಿಗೆಯ ಬಟ್ಟೆ ತೊಡಿಸಿ ನಿಲ್ಲಿಸಿ, ಹಿಂದೊಂದು ಮುಂದೊಂದು ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ಫೋನನ್ನೇ ಒಂದು ದಿನ, "ಯಾಕೋ ನಿಧಾನ ಆಗಿದೆ, ಸ್ವಲ್ಪ ನೋಡಪ್ಪಾ" ಎಂದು ಮಹಡಿಯ ಮೇಲಿನ ಮೈದುನನಿಗೆ ಕೊಟ್ಟಳು. ತಿಂಗಳೊಳಗೆ ಹನ್ನೊಂದು ಗಿರಾಕಿಗಳ ಮುಖಗಳು ಯಾರದೋ ಬತ್ತಲೆ ಮೈಗೆ ಅಂಟಿಕೊಂಡು ಊರೆಲ್ಲ ಹರಿದಾಡಿದವು. ಕಂಪ್ಯೂಟರಿನಲ್ಲಿ ಅಂಟಿಸಿದವನೂ ಮೈದುನನೇ, ತನ್ನ ನಂಬರಿನಿಂದಲೇ ಗೆಳೆಯರಿಗೆ ಕಳಿಸಿದವನೂ ಅವನೇ.

ಅವನು ಜೈಲಿಗೆ ಹೋಗಬೇಕು, ಇಲ್ಲವೇ ತಾನು ಆ ಮನೆಯಲ್ಲಿರುವುದಿಲ್ಲ ಎಂದು ಗಂಡನಿಗೆ ಹೇಳಿ ಅವಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು.

"ಆ ಮೈ ಅವರದ್ದಲ್ಲ ಅಂತೀರಿ. ಹಾಗಾದ್ರೆ ಅವರ ಫೋಟೊ ಎಲ್ಲಮ್ಮಾ? ಯಾವ ಸೆಕ್ಷನ್ ಹಾಕ್ಲಿ?" ಎಂದ ಇನ್ಸ್‌ಪೆಕ್ಟರ್.

"ಸೆಕ್ಷನ್ ಇಲ್ದಿದ್ರೆ ಮಾಡ್ಸಿ."

"ಅದೇನು ರವಿಕೆನಾ, ಕತ್ತರಿಸಿ ಹೊಲಿಯೋಕೆ?"

ಹೊಲಿಸಿದಳು. ಎರಡು ವರ್ಷ ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆದಳು. ಬಾಗಿಲು ಹಾಕಿಕೊಂಡಿದ್ದ ಹನ್ನೊಂದು ಮನೆಗಳಿಗೂ ಹೋಗಿ ಬೈಸಿಕೊಂಡಳು. ಆರು ಜನ ಸಹಿ ಹಾಕಿದರು. ಕಾನೂನು ತಿದ್ದುವ ಸಮಿತಿಯೆದುರು ನಿಂತು, ಗಂಟಲು ಕಟ್ಟುವ ತನಕ ಮಾತಾಡಿದಳು. ಕೊನೆಗೂ ಹೊಸ ಸೆಕ್ಷನ್ ಬಂತು: ಕೃತಕವಾಗಿ ಮಾಡಿದ ಚಿತ್ರವಾದರೂ ಅಪರಾಧವೇ.

ಅದು ಅಚ್ಚಾದ ಹಾಳೆ ಹಿಡಿದು ಮತ್ತೆ ಠಾಣೆಗೆ ಓಡಿದಳು. ಇನ್ಸ್‌ಪೆಕ್ಟರ್ ತಾರೀಖಿನ ಮೇಲೆ ಬೆರಳಿಟ್ಟ. "ಇದು ಈ ತಿಂಗಳಿಂದ ಜಾರಿ. ಅವನು ಮಾಡಿದ್ದು ಅದಕ್ಕೂ ಮೊದಲು. ಹಳೇ ತಪ್ಪಿಗೆ ಹೊಸ ಕಾನೂನು ಹಾಕೋಕಾಗಲ್ಲ. ಇನ್ನೊಂದ್ಸಲ ಮಾಡಿದ್ರೆ ಬನ್ನಿ."

ಮನೆಗೆ ಬಂದರೆ ಅತ್ತೆ ಕಾದೇ ಇದ್ದಳು. "ಬಂದ್ಲು ನೋಡು ಮಹಾರಾಣಿ! ನನ್ನ ಮಗನ ಮಾನ ಹರಾಜು ಹಾಕಿ ಏನು ಗಿಟ್ಟಿಸ್ದೆ?"

"ಸುಮ್ನಿರಮ್ಮಾ," ಎಂದು ನಕ್ಕ ಮೈದುನ. "ನನ್ನಿಂದ ನಾಡಿಗೇ ಒಂದು ಕಾನೂನು ಸಿಕ್ತು. ಸನ್ಮಾನ ಯಾವಾಗ ಅತ್ತಿಗೆ?"

ಗಂಡ ನೆಲ ನೋಡಿದ. "ಒಂದೇ ಮನೇಲಿ ಬಾಳ್ಬೇಕಲ್ವಾ. ಬಿಟ್ಟುಬಿಡೇ."

"ಬಿಟ್ಟೆ," ಎಂದಳು.

ಹೊಲಿಗೆ ಯಂತ್ರದ ತಲೆಯನ್ನು ಬಿಚ್ಚಿ, ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಸೊಂಟಕ್ಕೇರಿಸಿದಳು. ಮೈದುನ ಹೊಸ್ತಿಲಿಗೆ ಅಡ್ಡ ಕಾಲು ಚಾಚಿ ಕೂತಿದ್ದ. ತೆಗೆ ಎಂದಳು, ತೆಗೆಯಲಿಲ್ಲ. ಅವನ ಕಾಲು ದಾಟಿ ಬೀದಿಗಿಳಿದಳು.